ನೈಸ್, ರೀನೈಸ್, ಸಿಎಚ್‌ಆರ್‌ಟಿ, ಸಿಗ್ರೂಪ್: ಲಿನಕ್ಸ್‌ನಲ್ಲಿ ಆದ್ಯತೆ ಬದಲಿಸಲು ಯಾವುದನ್ನು ಯಾವಾಗ ಹಿಡಿಯಬೇಕು?

ಹಳೆಯ ಪುಸ್ತಕವೊಂದರ ನಾನೂರು ಪುಟಗಳನ್ನು ಸ್ಕ್ಯಾನ್ ಮಾಡಿ, ಆ ಚಿತ್ರಗಳಿಂದ ಕನ್ನಡ ಪಠ್ಯ ತೆಗೆಯುವ ಕೆಲಸವನ್ನು ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಹಚ್ಚಿದ್ದೀರಿ ಎಂದುಕೊಳ್ಳಿ. ಅದು ಗಂಟೆಗಟ್ಟಲೆ ನಡೆಯುವ ಕೆಲಸ. ಅಷ್ಟು ಹೊತ್ತು ಕೈಕಟ್ಟಿ ಕೂರುವ ಹಾಗಿಲ್ಲ. ಆಗಲೇ ಸಿದ್ಧವಾದ ಪುಟಗಳ ಕರಡು ತಿದ್ದುವುದೂ ಅದೇ ಕಂಪ್ಯೂಟರಿನಲ್ಲಿ ಆಗಬೇಕು. ಆದರೆ ಕೀಲಿ ಒತ್ತಿದ ಮೇಲೆ ಅಕ್ಷರ ಮೂಡಲು ತಡವಾಗುತ್ತದೆ, ಪುಟ ಸರಿಸಿದರೆ ಪರದೆ ತಡವರಿಸುತ್ತದೆ. ‘ಪ್ರಕ್ರಿಯೆಯ (ಅಂದರೆ ಓಡುತ್ತಿರುವ ಪ್ರೋಗ್ರಾಮಿನ) ಆದ್ಯತೆ ಇಳಿಸಿ’ ಎಂದು ಯಾರೋ ಸಲಹೆ ಕೊಡುತ್ತಾರೆ. ಸಲಹೆ ಸರಿಯೇ. ಹೇಗೆ ಇಳಿಸುವುದು ಎಂದು ಹುಡುಕಲು ಹೊರಟರೆ ಮಾತ್ರ ನೈಸ್, ರೀನೈಸ್, ಸಿಎಚ್‌ಆರ್‌ಟಿ, ಐಒನೈಸ್, ಆಟೋಗ್ರೂಪ್, ಸಿಗ್ರೂಪ್ ಎಂದು ಅರ್ಧ ಡಜನ್ ದಾರಿಗಳು ಎದುರಾಗುತ್ತವೆ. ಇವುಗಳಲ್ಲಿ ಕೆಲವು ಒಂದೇ ಕೆಲಸ ಮಾಡುತ್ತವೆ, ಕೆಲವು ಒಂದು ಇನ್ನೊಂದರ ಪರಿಣಾಮವನ್ನು ಅಳಿಸಿಹಾಕುತ್ತವೆ, ಒಂದೆರಡಂತೂ ಇಡೀ ಯಂತ್ರವನ್ನೇ ಸ್ತಬ್ಧಗೊಳಿಸಬಲ್ಲವು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಬೇಕಾದ ಕೆಲಸವನ್ನು ಮೇಲಕ್ಕೆತ್ತಲು ಹೋಗಬೇಡಿ. ಅದಕ್ಕೆ ಅಡ್ಡಿಯಾಗಿರುವ ಕೆಲಸವನ್ನು ಕೆಳಗಿಳಿಸಿ. ಇಳಿಸಲು ಯಾರ ಅನುಮತಿಯೂ ಬೇಡ, ಇಳಿಸಿದ್ದು ತಪ್ಪಾದರೆ ಆಗುವ ನಷ್ಟ ಸ್ವಲ್ಪ ತಡವಷ್ಟೇ. ಏರಿಸಲು ರೂಟ್ (ಯಂತ್ರದ ನಿರ್ವಾಹಕರ) ಅಧಿಕಾರ ಬೇಕು, ಏರಿಸಿದ್ದು ತಪ್ಪಾದರೆ ಮೌಸ್ ಕೂಡ ಅಲುಗದ ಸ್ಥಿತಿ ಬರಬಹುದು. ಮುಂದಿನ ಹೋಲಿಕೆಯೆಲ್ಲ ಈ ನಿಲುವಿನ ಮೇಲೆಯೇ ನಿಂತಿದೆ. ಆದೇಶಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಕೊರತೆ ಯಾವುದರದು?

ಆದ್ಯತೆ ಎಂಬುದು ಪೈಪೋಟಿ ಇದ್ದಾಗ ಮಾತ್ರ ಲೆಕ್ಕಕ್ಕೆ ಬರುವ ಸಂಗತಿ. ಬೇರೆ ಯಾರೂ ಸಿಪಿಯು ಕೇಳದಿದ್ದರೆ, ಅತಿ ಕೆಳಗಿನ ಆದ್ಯತೆಯ ಪ್ರಕ್ರಿಯೆಯೂ ಪೂರ್ತಿ ವೇಗದಲ್ಲಿಯೇ ಓಡುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಪೈಪೋಟಿ ಯಾವುದಕ್ಕಾಗಿ ನಡೆದಿದೆ ಎಂಬುದು.

‘ವಿಎಂಸ್ಟ್ಯಾಟ್ 1’ ಎಂಬ ಆದೇಶ ಕೊಟ್ಟರೆ ಪ್ರತಿ ಸೆಕೆಂಡಿಗೆ ಒಂದು ಸಾಲು ಬರುತ್ತದೆ. ಅದರ ಮೊದಲ ಕಾಲಂ ‘ಆರ್’ ಎಂಬುದು ಓಡುತ್ತಿರುವ ಮತ್ತು ಓಡಲು ಸರದಿಯಲ್ಲಿರುವ ಕೆಲಸಗಳ ಸಂಖ್ಯೆ. ಅದು ನಿಮ್ಮ ಯಂತ್ರದ ಕೋರ್‌ಗಳ ಸಂಖ್ಯೆಗಿಂತ (‘ಎನ್‌ಪ್ರಾಕ್’ ಆದೇಶ ಇದನ್ನು ಹೇಳುತ್ತದೆ) ಸದಾ ಹೆಚ್ಚಿದ್ದರೆ ಸಿಪಿಯುಗಾಗಿ ಪೈಪೋಟಿ ಇದೆ ಎಂದರ್ಥ. ಸಿಪಿಯು ಆದ್ಯತೆಯ ಅಂಕಿ ಬದಲಿಸುವ ನೈಸ್ ಆದೇಶ ಆಗ ಕೆಲಸಕ್ಕೆ ಬರುತ್ತದೆ. ‘ಆರ್’ ಚಿಕ್ಕದಿದ್ದು ‘ಡಬ್ಲ್ಯುಎ’ ದೊಡ್ಡದಿದ್ದರೆ ಕಾಯುವಿಕೆ ಡಿಸ್ಕ್‌ಗಾಗಿ. ನೈಸ್‌ನಿಂದ ಹೆಚ್ಚೇನೂ ಸಿಗದು. ‘ಎಸ್‌ಐ’, ‘ಎಸ್‌ಒ’ ಕಾಲಂಗಳು ಸೊನ್ನೆಯಲ್ಲಿ ನಿಲ್ಲದೆ ಏರಿಳಿಯುತ್ತಿದ್ದರೆ ಮೆಮೊರಿ ಸಾಲದೆ ಸ್ವಾಪ್ (ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಸಾಗಿಸಿ ತರುವುದು) ನಡೆಯುತ್ತಿದೆ. ಆಗ ಆದ್ಯತೆಯ ಯಾವ ಆದೇಶವೂ ಕಾಪಾಡದು. ಬ್ರೌಸರಿನ ಟ್ಯಾಬ್‌ಗಳನ್ನು ಮುಚ್ಚುವುದೇ ಉತ್ತಮ. 2018ರಲ್ಲಿ ಬಂದ 4.20 ಕರ್ನಲ್‌ನಿಂದ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಈಚೆಗೆ ಪ್ರಾಕ್ (‘/ಪ್ರಾಕ್’) ಕೋಶದ ‘ಪ್ರೆಷರ್’ ಉಪಕೋಶದಲ್ಲಿ ಸಿಪಿಯು, ಐಒ, ಮೆಮೊರಿ ಎಂಬ ಮೂರು ಕಡತಗಳಿವೆ. ಕಳೆದ 10, 60, 300 ಸೆಕೆಂಡುಗಳಲ್ಲಿ ಶೇಕಡಾ ಎಷ್ಟು ಹೊತ್ತು ಕೆಲಸಗಳು ಯಾವುದಕ್ಕಾಗಿ ಕಾದು ನಿಂತಿದ್ದವು ಎಂಬುದನ್ನು ಅವು ನೇರವಾಗಿ ಹೇಳುತ್ತವೆ. ಇದು ಇನ್ನೂ ಸ್ಪಷ್ಟವಾದ ಅಳತೆ.

ಒಂದೇ ಪ್ರಕ್ರಿಯೆ, ಮೂರು ಅಂಕಿ

ಆದ್ಯತೆಯನ್ನು ಓದುವಾಗ ಹೊಸಬರು ಗಲಿಬಿಲಿಗೊಳ್ಳುವುದು ಸಹಜ, ಏಕೆಂದರೆ ಬೇರೆ ಬೇರೆ ಉಪಕರಣಗಳು ಒಂದೇ ಪ್ರಕ್ರಿಯೆಗೆ ಬೇರೆ ಬೇರೆ ಅಂಕಿ ತೋರಿಸುತ್ತವೆ. ಯಾರೂ ಕೈಯಾಡಿಸದ, ನೈಸ್ ಅಂಕಿ 0 ಇರುವ ಸಾಮಾನ್ಯ ಪ್ರಕ್ರಿಯೆಯನ್ನೇ ತೆಗೆದುಕೊಳ್ಳಿ. ‘ಟಾಪ್’ ಅದರ ‘ಪಿಆರ್’ ಕಾಲಂನಲ್ಲಿ 20 ಎಂದು ತೋರಿಸುತ್ತದೆ. ‘ಪಿಎಸ್ -ಎಲ್’ ಕೊಟ್ಟರೆ ‘ಪಿಆರ್‌ಐ’ 80 ಎನ್ನುತ್ತದೆ. ‘ಪಿಎಸ್ -ಒ ಪಿಆರ್‌ಐ’ ಎಂದು ಕೇಳಿದರೆ ಉತ್ತರ 19. ಮೊದಲ ಎರಡರಲ್ಲಿ ಅಂಕಿ ದೊಡ್ಡದಾದಷ್ಟೂ ಆದ್ಯತೆ ಕಡಿಮೆ. ಮೂರನೆಯದರಲ್ಲಿ ತದ್ವಿರುದ್ಧ, ಅಂಕಿ ದೊಡ್ಡದಾದಷ್ಟೂ ಆದ್ಯತೆ ಹೆಚ್ಚು. ಯಾರಾದರೂ ‘ನನ್ನ ಪ್ರಕ್ರಿಯೆಯ ಆದ್ಯತೆ 19’ ಎಂದರೆ ಯಾವ ಆದೇಶದಿಂದ ನೋಡಿದಿರಿ ಎಂದು ಕೇಳದೆ ಉತ್ತರ ಕೊಡಬೇಡಿ.

ಹಾಗಾಗಿ ನಾನು ‘ಪಿಆರ್‌ಐ’ ಕಾಲಂಗಳನ್ನು ನೋಡುವುದನ್ನೇ ಬಿಟ್ಟಿದ್ದೇನೆ. ನೋಡಬೇಕಾದವು ಮೂರು: ‘ಎನ್‌ಐ’ ಎಂದರೆ ನೈಸ್ ಅಂಕಿ, ‘ಸಿಎಲ್‌ಎಸ್’ ಎಂದರೆ ಷೆಡ್ಯೂಲಿಂಗ್ ವರ್ಗ (ಸಿಪಿಯು ಸಮಯ ಯಾವ ನಿಯಮದಂತೆ ಸಿಗುತ್ತದೆ ಎಂಬುದು), ‘ಆರ್‌ಟಿಪ್ರಿಯೊ’ ಎಂದರೆ ರಿಯಲ್ ಟೈಮ್ ಆದ್ಯತೆ. ‘ಪಿಎಸ್ -ಇಒ ಪಿಐಡಿ,ಎನ್‌ಐ,ಸಿಎಲ್‌ಎಸ್,ಆರ್‌ಟಿಪ್ರಿಯೊ,ಕಾಂ’ ಎಂಬ ಒಂದೇ ಸಾಲಿನಲ್ಲಿ ಇವೆಲ್ಲ ಬರುತ್ತವೆ. ವರ್ಗದ ಕಾಲಂನಲ್ಲಿ ‘ಟಿಎಸ್’ ಇದ್ದರೆ ಸಾಮಾನ್ಯ ವರ್ಗ, ‘ಬಿ’ ಇದ್ದರೆ ಬ್ಯಾಚ್, ‘ಐಡಿಎಲ್’ ಇದ್ದರೆ ಐಡಲ್. ‘ಎಫ್‌ಎಫ್’, ‘ಆರ್‌ಆರ್’ ಇದ್ದರೆ ರಿಯಲ್ ಟೈಮ್. ಕೊನೆಯ ಎರಡರಲ್ಲಿ ನೈಸ್ ಕಾಲಂ ಬರೀ ಗೆರೆಯಾಗಿರುತ್ತದೆ, ಏಕೆಂದರೆ ಆ ವರ್ಗಗಳಿಗೆ ನೈಸ್ ಅನ್ವಯಿಸುವುದೇ ಇಲ್ಲ. ಕಣ್ಣಳತೆಗೆ ಸಾಕೆಂದರೆ ಎಚ್‌ಟಾಪ್ ಹಿತವಾಗಿದೆ: ಎಫ್8 ಒತ್ತಿದರೆ ನೈಸ್ ಅಂಕಿ ಏರುತ್ತದೆ, ಎಫ್7 ಒತ್ತಿದರೆ ಇಳಿಯುತ್ತದೆ.

ನೈಸ್ ಅಂಕಿ ಎಷ್ಟು ತೂಗುತ್ತದೆ?

ನೈಸ್ ಅಂಕಿ -20ರಿಂದ 19ರವರೆಗೆ ಇರುತ್ತದೆ. -20 ಅತಿ ಹೆಚ್ಚಿನ ಪಾಲು ಪಡೆಯುವ ತುದಿ, 19 ಎಲ್ಲರಿಗೂ ದಾರಿ ಬಿಡುವ ತುದಿ. ಇದರ ಹಿಂದಿನ ಲೆಕ್ಕವನ್ನು ತಿಳಿದುಕೊಂಡರೆ ಎಷ್ಟು ಕೊಡಬೇಕೆಂಬ ಗೊಂದಲ ತಾನೇ ಕರಗುತ್ತದೆ.

ಕರ್ನಲ್ ಪ್ರತಿ ನೈಸ್ ಅಂಕಿಗೂ ಒಂದು ತೂಕ ಇಟ್ಟಿದೆ. 0ಗೆ 1024, 1ಕ್ಕೆ 820, 5ಕ್ಕೆ 335, 10ಕ್ಕೆ 110, 19ಕ್ಕೆ 15. ಆ ಕಡೆಗೆ -5ಕ್ಕೆ 3121, -20ಕ್ಕೆ 88761. ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಸುಮಾರು 1.25 ಪಟ್ಟು ಅಂತರ. ಒಂದೇ ಕೋರ್‌ಗಾಗಿ ಎರಡು ಪ್ರಕ್ರಿಯೆಗಳು ಬಿಡುವಿಲ್ಲದೆ ಸೆಣಸುತ್ತಿದ್ದರೆ, ಅವು ತಮ್ಮ ತೂಕದ ಅನುಪಾತದಲ್ಲಿ ಸಮಯ ಹಂಚಿಕೊಳ್ಳುತ್ತವೆ. 0 ಮತ್ತು 5 ಇದ್ದರೆ ಸುಮಾರು ಶೇ 75 ಮತ್ತು ಶೇ 25. 0 ಮತ್ತು 10 ಇದ್ದರೆ ಶೇ 90 ಮತ್ತು ಶೇ 10. 0 ಮತ್ತು 19 ಇದ್ದರೆ ಶೇ 98.6 ಮತ್ತು ಶೇ 1.4. ಗಮನಿಸಿ, 19 ಕೊಟ್ಟರೂ ಪ್ರಕ್ರಿಯೆ ಪೂರ್ತಿ ನಿಲ್ಲುವುದಿಲ್ಲ. ಮತ್ತೊಂದು ಸಂಗತಿ: ಲೆಕ್ಕಕ್ಕೆ ಬರುವುದು ಅಂಕಿಗಳ ನಡುವಿನ ಅಂತರವೇ ಹೊರತು ಅಂಕಿಯಲ್ಲ. ಯಂತ್ರದಲ್ಲಿ ಓಡುವ ಎಲ್ಲವೂ 10ರಲ್ಲಿದ್ದರೆ ಎಲ್ಲವೂ 0ಯಲ್ಲಿದ್ದ ಹಾಗೆಯೇ.

ಈ ತೂಕದ ಪಟ್ಟಿ 2007ರಲ್ಲಿ 2.6.23 ಕರ್ನಲ್‌ನೊಂದಿಗೆ ಬಂದ, ಇಂಗೊ ಮೋಲ್ನಾರ್ ಬರೆದ ಸಿಎಫ್‌ಎಸ್ ಎಂಬ ಷೆಡ್ಯೂಲರ್‌ನದು, ಅಂದರೆ ಸಿಪಿಯು ಸಮಯ ಹಂಚುವ ಕರ್ನಲ್ ಭಾಗದ್ದು. 2023ರಲ್ಲಿ 6.6 ಕರ್ನಲ್‌ನಲ್ಲಿ ಅದರ ಜಾಗಕ್ಕೆ ಇಇವಿಡಿಎಫ್ ಬಂದರೂ ತೂಕಗಳು ಹಾಗೆಯೇ ಉಳಿದಿವೆ. ಹಾಗಾಗಿ ಹಳೆಯ ಯಂತ್ರಕ್ಕೂ ಹೊಸದಕ್ಕೂ ಈ ಲೆಕ್ಕ ಒಂದೇ.

ಶುರುಮಾಡುವ ಮುನ್ನ ನೈಸ್, ಶುರುವಾದ ಮೇಲೆ ರೀನೈಸ್

ಹೀಗೆ ಹೇಳಿದರೆ ಎರಡೂ ಒಂದೇ ಎನಿಸಬಹುದು. ಹಾಗಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಯಾವಾಗಲೂ ನೈಸ್ ಅನ್ನೇ ಆರಿಸಿ. ಕಾರಣ ಟೆಸರಾಕ್ಟ್‌ನ ಉದಾಹರಣೆಯಲ್ಲೇ ಇದೆ.

‘ನೈಸ್ -ಎನ್ 10 ./ಒಸಿಆರ್.ಎಸ್‌ಎಚ್’ ಎಂದು ಶುರುಮಾಡಿದಿರಿ ಎಂದುಕೊಳ್ಳಿ. ಆ ಸ್ಕ್ರಿಪ್ಟ್ ಪುಟಕ್ಕೊಂದರಂತೆ ಹೊಸ ಟೆಸರಾಕ್ಟ್ ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ಪ್ರತಿಯೊಂದು ಟೆಸರಾಕ್ಟ್ ಒಂದು ಪುಟವನ್ನು ಓದಲು ನಾಲ್ಕರವರೆಗೆ ಥ್ರೆಡ್‌ಗಳನ್ನು (ಒಂದೇ ಪ್ರಕ್ರಿಯೆಯೊಳಗೆ ಜೊತೆಜೊತೆಯಾಗಿ ಓಡುವ ಎಳೆಗಳನ್ನು) ಹೂಡುತ್ತದೆ. ನೈಸ್ ಅಂಕಿ ತಾಯಿಯಿಂದ ಮಕ್ಕಳಿಗೆ ಇಳಿದು ಬರುವುದರಿಂದ ನಾನೂರು ಪುಟಗಳ ಅಷ್ಟೂ ಥ್ರೆಡ್‌ಗಳು 10ರಲ್ಲಿಯೇ ಓಡುತ್ತವೆ. ನೀವು ಮತ್ತೆ ತಿರುಗಿ ನೋಡುವ ಅಗತ್ಯವಿಲ್ಲ.

ಈಗ ಮರೆತು ಹಾಗೆಯೇ ಶುರುಮಾಡಿದ್ದೀರಿ, ಟಾಪ್‌ನಲ್ಲಿ ಮೇಲೆ ಕಂಡ ಟೆಸರಾಕ್ಟ್‌ನ ಸಂಖ್ಯೆ ಹಿಡಿದು ‘ರೀನೈಸ್ -ಎನ್ 10 -ಪಿ 4312’ ಎಂದು ಕೊಟ್ಟಿದ್ದೀರಿ ಎನ್ನಿ. ಆದೇಶ ಯಶಸ್ವಿಯಾಯಿತೆಂದು ಉತ್ತರ ಬರುತ್ತದೆ. ಆದರೆ ಯಂತ್ರದ ತಡವರಿಕೆ ಕಡಿಮೆಯಾಗುವುದಿಲ್ಲ. ಇದಕ್ಕೆ ಎರಡು ಕಾರಣ. ಒಂದು, ಲಿನಕ್ಸ್‌ನಲ್ಲಿ ನೈಸ್ ಅಂಕಿ ಇರುವುದು ಒಂದೊಂದು ಥ್ರೆಡ್‌ಗೆ ಪ್ರತ್ಯೇಕವಾಗಿ. ಪ್ರಕ್ರಿಯೆಯ ಸಂಖ್ಯೆ ಕೊಟ್ಟರೆ ಬದಲಾಗುವುದು ಅದರ ಮುಖ್ಯ ಥ್ರೆಡ್ ಮಾತ್ರ. ಆಗಲೇ ಹುಟ್ಟಿರುವ ಉಳಿದ ಥ್ರೆಡ್‌ಗಳು 0ಯಲ್ಲಿಯೇ ಇರುತ್ತವೆ. ಟಾಪ್‌ನಲ್ಲಿ ದೊಡ್ಡ ‘ಎಚ್’ ಒತ್ತಿ ಥ್ರೆಡ್‌ಗಳನ್ನು ಬಿಡಿಬಿಡಿಯಾಗಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಒಂದು ಸಾಲಿನಲ್ಲಿ 10, ಅದರ ಪಕ್ಕದ ಸಾಲುಗಳಲ್ಲಿ 0. ಎರಡು, ಆ ಪುಟ ಮುಗಿದೊಡನೆ ಸ್ಕ್ರಿಪ್ಟ್ ಹೊಸ ಟೆಸರಾಕ್ಟ್ ಹುಟ್ಟಿಸುತ್ತದೆ. ಸ್ಕ್ರಿಪ್ಟ್ ಇನ್ನೂ 0ಯಲ್ಲಿರುವುದರಿಂದ ಹೊಸದೂ 0ಯಲ್ಲಿಯೇ ಹುಟ್ಟುತ್ತದೆ. ನಿಮ್ಮ ರೀನೈಸ್ ಬಾಳಿದ್ದು ಒಂದು ಪುಟದಷ್ಟು ಹೊತ್ತು, ಅದೂ ಕಾಲುಭಾಗ.

ಇದಕ್ಕೆ ಸರಿಯಾದ ಮದ್ದು ರೀನೈಸ್‌ನ ‘-ಜಿ’ ಆಯ್ಕೆ. ‘ಪಿಎಸ್ -ಒ ಪಿಜಿಐಡಿ -ಪಿ 4312’ ಎಂದು ಕೇಳಿದರೆ ಪ್ರಕ್ರಿಯೆಗಳ ಗುಂಪಿನ ಸಂಖ್ಯೆ ಸಿಗುತ್ತದೆ. ಟರ್ಮಿನಲ್‌ನಿಂದ ಶುರುಮಾಡಿದ ಸ್ಕ್ರಿಪ್ಟೂ ಅದರ ಮಕ್ಕಳೂ ಸಾಮಾನ್ಯವಾಗಿ ಒಂದೇ ಗುಂಪಿನಲ್ಲಿರುತ್ತವೆ. ‘ರೀನೈಸ್ -ಎನ್ 10 -ಜಿ’ ಎಂದು ಬರೆದು ಆ ಸಂಖ್ಯೆ ಕೊಟ್ಟರೆ ಗುಂಪಿನ ಎಲ್ಲ ಪ್ರಕ್ರಿಯೆಗಳ ಎಲ್ಲ ಥ್ರೆಡ್‌ಗಳೂ ಒಟ್ಟಿಗೆ ಇಳಿಯುತ್ತವೆ. ಸ್ಕ್ರಿಪ್ಟ್ ಕೂಡ ಇಳಿದಿರುವುದರಿಂದ ಮುಂದೆ ಹುಟ್ಟುವವೂ ಅಲ್ಲಿಯೇ ಹುಟ್ಟುತ್ತವೆ. ಇಷ್ಟು ಉಪಯುಕ್ತವಾದ ಆಯ್ಕೆಯನ್ನು ಬಹಳಷ್ಟು ಪಾಠಗಳು ಒಂದು ಸಾಲಿನಲ್ಲಿ ಮುಗಿಸಿ ‘-ಪಿ’ಗೆ ಜಾಗ ಕೊಡುತ್ತವೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನು ಎರಡು ಎಚ್ಚರಿಕೆ. ಸಾಮಾನ್ಯ ಬಳಕೆದಾರರು ನೈಸ್ ಅಂಕಿಯನ್ನು ಏರಿಸಬಹುದೇ (ಅಂದರೆ ಆದ್ಯತೆಯನ್ನು ಇಳಿಸಬಹುದೇ) ಹೊರತು, ಏರಿಸಿದ್ದನ್ನು ಮತ್ತೆ ಇಳಿಸುವ ಹಾಗಿಲ್ಲ. ನಿರ್ವಾಹಕರು ಮಿತಿಗಳ ಕಡತದಲ್ಲಿ ಅವಕಾಶ ಕೊಟ್ಟಿದ್ದರೆ ಮಾತ್ರ ಹಿಂದಿರುಗಬಹುದು. ಆದ್ದರಿಂದ ನೇರವಾಗಿ 19ಕ್ಕೆ ಹೋಗದೆ 10ರಿಂದ ಶುರುಮಾಡಿ. ಸಾಲದಿದ್ದರೆ 15ಕ್ಕೆ ಏರಿಸಬಹುದು. ಎರಡನೆಯದು, ನೈಸ್‌ನ ‘-ಎನ್ 10’ ಎಂದರೆ ಈಗಿರುವುದಕ್ಕೆ 10 ಕೂಡಿಸು ಎಂದು, ಲಿನಕ್ಸ್‌ನ ರೀನೈಸ್‌ನ ‘-ಎನ್ 10’ ಎಂದರೆ ನೇರವಾಗಿ 10 ಮಾಡು ಎಂದು. ಮ್ಯಾಕ್‌ಒಎಸ್‌ನ ರೀನೈಸ್‌ನಲ್ಲಿ ಅದೇ ‘-ಎನ್’ ಕೂಡಿಸುವ ಅರ್ಥ ಕೊಡುತ್ತದೆ. ಎರಡೂ ಕಡೆ ಓಡಬೇಕಾದ ಸ್ಕ್ರಿಪ್ಟ್ ಬರೆಯುವವರು ಇದನ್ನು ನೆನಪಿಡಬೇಕು. ‘ನೈಸ್ -5’ ಎಂಬ ಹಳೆಯ ರೂಪವನ್ನಂತೂ ಬಳಸಲೇಬೇಡಿ. ನೋಡಲು ಮೈನಸ್ ಐದರಂತಿದ್ದರೂ ಅದರ ಅರ್ಥ ಪ್ಲಸ್ ಐದು.

ಜೆಡ್‌ಶೆಲ್ ಬಳಸುವವರಿಗೆ ಒಂದು ಮಾತು: ಅದು ಹಿನ್ನೆಲೆಗೆ ಕಳಿಸಿದ ಕೆಲಸಗಳನ್ನು ತಾನಾಗಿಯೇ 5ಕ್ಕೆ ಇಳಿಸುತ್ತದೆ. ಬ್ಯಾಷ್ ಹಾಗೆ ಮಾಡುವುದಿಲ್ಲ. ನೀವು ಕೊಡದ ನೈಸ್ ಅಂಕಿ ಎಲ್ಲಿಂದ ಬಂತೆಂದು ಹುಡುಕುವ ಮುನ್ನ ಶೆಲ್ ಯಾವುದೆಂದು ನೋಡಿಕೊಳ್ಳಿ.

19 ಕೊಟ್ಟರೂ ಅರ್ಧ ಪಾಲು ಏಕೆ?

ಒಂದು ಟರ್ಮಿನಲ್‌ನಲ್ಲಿ ಟೆಸರಾಕ್ಟ್ 19ರಲ್ಲಿ ಓಡುತ್ತಿದೆ. ಇನ್ನೊಂದು ಟರ್ಮಿನಲ್‌ನಲ್ಲಿ ಎಫ್‌ಎಫ್‌ಎಂಪೆಗ್ 0ಯಲ್ಲಿ ವಿಡಿಯೊ ಪರಿವರ್ತಿಸುತ್ತಿದೆ. ಮೇಲಿನ ಲೆಕ್ಕದ ಪ್ರಕಾರ ಎಫ್‌ಎಫ್‌ಎಂಪೆಗ್‌ಗೆ ಬಹುಪಾಲು ಸಿಗಬೇಕು. ಆದರೆ ಹಲವು ಯಂತ್ರಗಳಲ್ಲಿ ಇಬ್ಬರೂ ಸರಿಸಮ ಹಂಚಿಕೊಳ್ಳುತ್ತಾರೆ. ನೈಸ್ ಕೆಟ್ಟುಹೋಗಿದೆ ಎಂದು ಜನ ಕೈಚೆಲ್ಲುವುದು ಇಲ್ಲಿಯೇ.

ಇದರ ಹಿಂದಿರುವುದು ಆಟೋಗ್ರೂಪ್. 2011ರಲ್ಲಿ 2.6.38 ಕರ್ನಲ್‌ನೊಂದಿಗೆ ಬಂದ ಈ ಏರ್ಪಾಡು ಪ್ರತಿ ಸೆಷನ್ ಅನ್ನು, ಅಂದರೆ ಸರಿಸುಮಾರು ಪ್ರತಿ ಟರ್ಮಿನಲ್ ಅನ್ನು, ಒಂದು ಗುಂಪಾಗಿ ನೋಡುತ್ತದೆ. ಸಿಪಿಯು ಮೊದಲು ಗುಂಪುಗಳ ನಡುವೆ ಸಮನಾಗಿ ಹಂಚಿಕೆಯಾಗುತ್ತದೆ, ಆಮೇಲೆ ಗುಂಪಿನೊಳಗೆ ನೈಸ್ ಪ್ರಕಾರ ಹಂಚಿಕೆಯಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿ ಮೊದಲು ಅಣ್ಣತಮ್ಮಂದಿರ ನಡುವೆ ಪಾಲಾಗಿ, ನಂತರ ಪ್ರತಿಯೊಬ್ಬರ ಪಾಲು ಅವರವರ ಮಕ್ಕಳ ನಡುವೆ ಹಂಚಿಹೋಗುವ ಹಾಗೆ. ಒಬ್ಬನೇ ಮಗನಿರುವ ಮನೆಯಲ್ಲಿ ಅವನು ಎಷ್ಟೇ ಉದಾರಿಯಾದರೂ ಅಪ್ಪನ ಪಾಲೆಲ್ಲ ಅವನಿಗೇ ಬರುತ್ತದೆ. 19ರಲ್ಲಿರುವ ಟೆಸರಾಕ್ಟ್‌ನ ಸ್ಥಿತಿ ಅದೇ.

ಪ್ರಾಕ್ ಕೋಶದಲ್ಲಿ ಆ ಪ್ರಕ್ರಿಯೆಯ ಸಂಖ್ಯೆಯೊಳಗೆ ‘ಆಟೋಗ್ರೂಪ್’ ಎಂಬ ಕಡತವಿದೆ. ಅದನ್ನು ತೆರೆದರೆ ಗುಂಪಿನ ಸಂಖ್ಯೆಯೂ ಗುಂಪಿನದೇ ನೈಸ್ ಅಂಕಿಯೂ ಕಾಣುತ್ತವೆ. ಆ ಕಡತಕ್ಕೆ 15 ಎಂದು ಬರೆದರೆ ಇಡೀ ಗುಂಪು ಇಳಿಯುತ್ತದೆ. ಎರಡು ಟರ್ಮಿನಲ್‌ಗಳ ನಡುವಿನ ಪೈಪೋಟಿಗೆ ಇದೇ ಸರಿಯಾದ ಉಪಾಯ. ಒಂದೇ ಟರ್ಮಿನಲ್‌ನೊಳಗಿನ ಪೈಪೋಟಿಗೆ ಸಾದಾ ನೈಸ್ ಸಾಕು. ಇಡೀ ಏರ್ಪಾಡನ್ನೇ ಕಳಚಲು ‘ಕರ್ನಲ್.ಷೆಡ್_ಆಟೋಗ್ರೂಪ್_ಎನೇಬಲ್ಡ್’ ಎಂಬ ಸಿಸ್‌ಕಂಟ್ರೋಲ್ (ಕರ್ನಲ್‌ನ ಹೊಂದಿಕೆ) ಅನ್ನು 0 ಮಾಡಬಹುದು, ಆದರೆ ಮೇಜಿನ ಕಂಪ್ಯೂಟರಿನಲ್ಲಿ ಹಾಗೆ ಮಾಡಲು ನಾನು ಹೇಳುವುದಿಲ್ಲ. ಹತ್ತಾರು ಕಂಪೈಲರ್ ಪ್ರಕ್ರಿಯೆಗಳು ಒಟ್ಟಿಗೆ ಓಡುವಾಗ ಬ್ರೌಸರ್ ಉಸಿರಾಡುವುದು ಇದರಿಂದಲೇ. ಪ್ರಕ್ರಿಯೆ ಸಿಪಿಯು ನಿಯಂತ್ರಣವಿರುವ ಸಿಗ್ರೂಪ್‌ನಲ್ಲಿದ್ದರೆ (ಸಿಗ್ರೂಪ್ ಎಂದರೆ ಪ್ರಕ್ರಿಯೆಗಳನ್ನು ಗುಂಪು ಮಾಡಿ ಸಂಪನ್ಮೂಲ ಹಂಚುವ ಕರ್ನಲ್ ಏರ್ಪಾಡು) ಆಟೋಗ್ರೂಪ್ ಲೆಕ್ಕಕ್ಕಿಲ್ಲ. ಅಲ್ಲಿ ಹಂಚಿಕೆ ಸಿಗ್ರೂಪ್‌ನ ತೂಕದಂತೆ ನಡೆಯುತ್ತದೆ. ಅದೇ ಪ್ರಾಕ್ ಕೋಶದ ‘ಸಿಗ್ರೂಪ್’ ಕಡತ ನೋಡಿದರೆ ಯಾವ ಗುಂಪಿನಲ್ಲಿದೆ ಎಂದು ತಿಳಿಯುತ್ತದೆ.

ನೈಸ್ 19 ಅಥವಾ ಐಡಲ್ ವರ್ಗ?

ಪ್ರಕ್ರಿಯೆಯ ಷೆಡ್ಯೂಲಿಂಗ್ ವರ್ಗ ಬದಲಿಸುವ ಆದೇಶವಾದ ಸಿಎಚ್‌ಆರ್‌ಟಿ ಎಂದೊಡನೆ ರಿಯಲ್ ಟೈಮ್ ನೆನಪಾಗುತ್ತದೆ. ಆದರೆ ಮನೆಯ ಬಳಕೆಗೆ ಅದರ ನಿಜವಾದ ಉಪಯೋಗ ಇನ್ನೊಂದು ತುದಿಯಲ್ಲಿದೆ. ‘ಸಿಎಚ್‌ಆರ್‌ಟಿ -ಐ 0 ./ಒಸಿಆರ್.ಎಸ್‌ಎಚ್’ ಎಂದರೆ ಕೆಲಸ ಐಡಲ್ ವರ್ಗಕ್ಕೆ ಹೋಗುತ್ತದೆ. ಆ ವರ್ಗದ ತೂಕ ಬರೀ 3, ನೈಸ್ 19ರ ಐದನೇ ಒಂದು ಭಾಗ. ತೂಕಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಸಾಮಾನ್ಯ ವರ್ಗದ ಕೆಲಸವೊಂದು ಎಚ್ಚರಗೊಂಡರೆ ಐಡಲ್ ವರ್ಗದ್ದು ತಕ್ಷಣ ಜಾಗ ಬಿಡುತ್ತದೆ. ನೀವು ಕೀಲಿ ಒತ್ತಿದಾಗ ಸಂಪಾದಕ ತಂತ್ರಾಂಶ ಎಚ್ಚರಗೊಳ್ಳುವುದೂ ಇಂಥ ಒಂದು ಕ್ಷಣವೇ. ಹಾಗಾಗಿ ಟೈಪ್ ಮಾಡುವಾಗಿನ ತಡವರಿಕೆಯೇ ನಿಮ್ಮ ದೂರಾದರೆ ನೈಸ್ 19ಕ್ಕಿಂತ ಐಡಲ್ ಹಿತ. ಓಡುತ್ತಿರುವ ಕೆಲಸಕ್ಕೆ ‘ಸಿಎಚ್‌ಆರ್‌ಟಿ -ಎ -ಐ -ಪಿ 0 4312’ ಎಂದು ಕೊಡಬಹುದು. ಇಲ್ಲಿರುವ ‘-ಎ’ ಎಲ್ಲ ಥ್ರೆಡ್‌ಗಳಿಗೂ ಅನ್ವಯಿಸು ಎಂದು ಹೇಳುತ್ತದೆ; ರೀನೈಸ್‌ನ ‘-ಪಿ’ಯಲ್ಲಿ ಇಲ್ಲದ ಅನುಕೂಲ.

ಬ್ಯಾಚ್ ವರ್ಗ ಇವೆರಡರ ನಡುವಿನದು. ಅಲ್ಲಿ ನೈಸ್ ಅಂಕಿ ಎಂದಿನಂತೆ ತೂಗುತ್ತದೆ, ಆದರೆ ಕೆಲಸ ಎಚ್ಚರಗೊಂಡಾಗ ಬೇರೆಯವರನ್ನು ಎಬ್ಬಿಸಿ ಕೂರಲು ಹೋಗುವುದಿಲ್ಲ. ಮೇಜಿನ ಕಂಪ್ಯೂಟರಿನಲ್ಲಿ ಅದರಿಂದ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ.

ಆದ್ಯತೆಯೇ ಉತ್ತರವಲ್ಲದ ಸಂದರ್ಭವೂ ಇದೆ. ಟೆಸರಾಕ್ಟ್ ನಾಲ್ಕು ಥ್ರೆಡ್ ಹೂಡದಂತೆ ಒಎಂಪಿ ಥ್ರೆಡ್ ಲಿಮಿಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು, ಎರಡು ಮೂರು ಪುಟಗಳನ್ನು ಮಾತ್ರ ಏಕಕಾಲಕ್ಕೆ ಓಡಿಸಿದರೆ ಒಂದು ಕೋರ್ ನಿಮಗೆಂದೇ ಉಳಿಯುತ್ತದೆ. ಪೈಪೋಟಿಯೇ ಇಲ್ಲದ ಮೇಲೆ ಆದ್ಯತೆಯ ಮಾತೇ ಏಳುವುದಿಲ್ಲ. ಟಾಸ್ಕ್‌ಸೆಟ್ ಆದೇಶದಿಂದ ಕೆಲಸವನ್ನು ಇಂತಿಷ್ಟೇ ಕೋರ್‌ಗಳಿಗೆ ಕಟ್ಟಿಹಾಕುವುದೂ ಇದೇ ಬಗೆಯದು.

ರಿಯಲ್ ಟೈಮ್: ಯಾರಿಗೆ ಬೇಕು, ಯಾರಿಗೆ ಬೇಡ

ಫಿಫೊ ಮತ್ತು ರೌಂಡ್ ರಾಬಿನ್ ಎಂಬ ರಿಯಲ್ ಟೈಮ್ ವರ್ಗಗಳಲ್ಲಿ 1ರಿಂದ 99ರವರೆಗೆ ಆದ್ಯತೆ ಇರುತ್ತದೆ. ಇಲ್ಲಿ ಪಾಲಿನ ಲೆಕ್ಕವಿಲ್ಲ. ಆದ್ಯತೆ 1 ಇರುವ ರಿಯಲ್ ಟೈಮ್ ಕೆಲಸ ಕೂಡ ನೈಸ್ -20ರ ಸಾಮಾನ್ಯ ಕೆಲಸವನ್ನು ಪಕ್ಕಕ್ಕೆ ಸರಿಸುತ್ತದೆ. ಫಿಫೊದಲ್ಲಿರುವ ಕೆಲಸ ತಾನಾಗಿ ಕಾಯಲು ನಿಲ್ಲುವವರೆಗೆ, ಅಥವಾ ತನಗಿಂತ ಮೇಲಿನದು ಬರುವವರೆಗೆ, ಕೋರ್ ಬಿಡುವುದಿಲ್ಲ. ರೌಂಡ್ ರಾಬಿನ್‌ನಲ್ಲಿ ಒಂದೇ ಆದ್ಯತೆಯ ಕೆಲಸಗಳು ಸರದಿಯ ಮೇಲೆ ಓಡುತ್ತವೆ. ಒಂದು ಸರದಿ ಸಾಮಾನ್ಯವಾಗಿ 100 ಮಿಲಿಸೆಕೆಂಡು. ಯಂತ್ರ ಪೂರ್ತಿ ಕೈಬಿಟ್ಟು ಹೋಗದಿರಲೆಂದು ಕರ್ನಲ್ ಪ್ರತಿ ಸೆಕೆಂಡಿನಲ್ಲಿ 50 ಮಿಲಿಸೆಕೆಂಡನ್ನು ಉಳಿದವರಿಗೆಂದು ತೆಗೆದಿಡುತ್ತದೆ. ಅನಂತ ಲೂಪ್‌ಗೆ ಬಿದ್ದ ಫಿಫೊ ಕೆಲಸವನ್ನು ಕೊಲ್ಲುವ ಆದೇಶ ಟೈಪ್ ಮಾಡಲು ಅಷ್ಟೇ ಆಧಾರ.

ಇದು ನಿಜವಾಗಿ ಬೇಕಿರುವುದು ಗಡುವು ತಪ್ಪಿದರೆ ಕೆಲಸವೇ ಕೆಡುವವರಿಗೆ: ಧ್ವನಿಮುದ್ರಣ, ಯಂತ್ರ ನಿಯಂತ್ರಣ, ರೋಬೋಟ್. ಇಂದಿನ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಪೈಪ್‌ವೈರ್‌ನಂಥ ಧ್ವನಿ ಸೇವೆಗಳು ರಿಯಲ್‌ಟೈಮ್‌ಕಿಟ್ ಎಂಬ ಮಧ್ಯವರ್ತಿಯ ಮೂಲಕ ತಮಗೆ ಬೇಕಾದಷ್ಟನ್ನು ತಾವೇ ಕೇಳಿ ಪಡೆಯುತ್ತವೆ, ನೀವು ಕೈಹಾಕಬೇಕಿಲ್ಲ. ಆಟ ಸರಾಗವಾಗಲಿ, ಬ್ರೌಸರ್ ಚುರುಕಾಗಲಿ ಎಂದು ‘ಸಿಎಚ್‌ಆರ್‌ಟಿ -ಎಫ್ 99’ ಕೊಡುವ ಸಲಹೆಗಳನ್ನು ದಯವಿಟ್ಟು ಪಾಲಿಸಬೇಡಿ. ಕೊಡಲೇಬೇಕಾದ ಪ್ರಸಂಗ ಬಂದರೆ ‘-ಆರ್’ ದೊಡ್ಡಕ್ಷರದ ಆಯ್ಕೆಯನ್ನೂ ಸೇರಿಸಿ. ಆಗ ಆ ಪ್ರಕ್ರಿಯೆ ಹುಟ್ಟಿಸುವ ಮಕ್ಕಳಿಗೆ ರಿಯಲ್ ಟೈಮ್ ಇಳಿದು ಬರುವುದಿಲ್ಲ.

ಆದ್ಯತೆ ಏರಿಸಿದ ಮಾತ್ರಕ್ಕೆ ಕೆಲಸ ಬೇಗ ಆಗುತ್ತದೆಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ 1997ರ ಮಾರ್ಸ್ ಪಾತ್‌ಫೈಂಡರ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರಲ್ಲಿದ್ದದ್ದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಆದರೆ ತತ್ವ ಒಂದೇ. ಜುಲೈ 4ರಂದು ಮಂಗಳನ ಮೇಲೆ ಇಳಿದ ನೌಕೆ, ಹವಾಮಾನದ ಮಾಹಿತಿ ಸಂಗ್ರಹಿಸಲು ಶುರುಮಾಡಿದ ಮೇಲೆ ಆಗಾಗ ತನ್ನಷ್ಟಕ್ಕೆ ರೀಸೆಟ್ ಆಗತೊಡಗಿತು. ಕೆಳ ಆದ್ಯತೆಯ ಹವಾಮಾನ ಕೆಲಸವೊಂದು ಬೀಗ (ಹಂಚಿಕೊಂಡದ್ದನ್ನು ಒಮ್ಮೆಗೆ ಒಬ್ಬರೇ ಬಳಸುವಂತೆ ತಡೆಯುವ ಏರ್ಪಾಡು) ಹಿಡಿದಿತ್ತು. ಅದೇ ಬೀಗಕ್ಕಾಗಿ ಅತಿ ಮುಖ್ಯವಾದ ಬಸ್ (ನೌಕೆಯ ಭಾಗಗಳ ನಡುವಿನ ಮಾಹಿತಿಯ ದಾರಿ) ನಿರ್ವಹಣೆಯ ಕೆಲಸ ಕಾದಿತ್ತು. ಅಷ್ಟರಲ್ಲಿ ಮಧ್ಯಮ ಆದ್ಯತೆಯ ಸಂವಹನದ ಕೆಲಸ ಬಂದು ಕೆಳಗಿನದನ್ನು ಓಡಲು ಬಿಡಲಿಲ್ಲ. ಕೆಳಗಿನದು ಓಡದೆ ಬೀಗ ಬಿಡದು, ಬೀಗ ಬಿಡದೆ ಮೇಲಿನದು ಓಡದು. ಮುಖ್ಯ ಕೆಲಸ ಗಡುವು ತಪ್ಪಿಸಿಕೊಂಡಿದ್ದನ್ನು ಕಂಡ ಕಾವಲು ವ್ಯವಸ್ಥೆ ಇಡೀ ಕಂಪ್ಯೂಟರನ್ನು ರೀಸೆಟ್ ಮಾಡಿತು. ಬೀಗ ಹಿಡಿದವರಿಗೆ ಕಾಯುತ್ತಿರುವವರ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಆನ್ ಮಾಡಿದ ಮೇಲೆ ತೊಂದರೆ ನಿಂತಿತು. ಮೇಜಿನ ಕಂಪ್ಯೂಟರಿನಲ್ಲಿಯೂ ಇದರ ಚಿಕ್ಕ ರೂಪ ಕಾಣಬಹುದು: ಡೇಟಾಬೇಸ್‌ನ ಬೀಗ ಹಿಡಿದು ಓಡುವ ಬ್ಯಾಕಪ್ ಅನ್ನು ಐಡಲ್ ವರ್ಗಕ್ಕೆ ತಳ್ಳಿದರೆ, ಆ ಬೀಗಕ್ಕಾಗಿ ಕಾಯುವ ಎಲ್ಲರೂ ಐಡಲ್‌ನ ವೇಗಕ್ಕೆ ಇಳಿಯುತ್ತಾರೆ. ಹಂಚಿಕೊಂಡ ಬೀಗ ಇರುವಲ್ಲಿ ನೈಸ್ 5ರ ಆಸುಪಾಸಿನಲ್ಲಿ ನಿಲ್ಲುವುದು ಕ್ಷೇಮ.

ಡಿಸ್ಕ್‌ಗೆ ಐಒನೈಸ್

ಡಿಸ್ಕ್ ಪೈಪೋಟಿಗೆ ಐಒನೈಸ್ ಇದೆ. ವರ್ಗ 1 ರಿಯಲ್ ಟೈಮ್, ವರ್ಗ 2 ಸಾಮಾನ್ಯ (ಅದರೊಳಗೆ 0ರಿಂದ 7), ವರ್ಗ 3 ಐಡಲ್. ಬ್ಯಾಕಪ್‌ಗೆ ‘ಐಒನೈಸ್ -ಸಿ 3’ ಒಳ್ಳೆಯ ಜೋಡಿ. ನೀವೇನೂ ಕೊಡದಿದ್ದರೆ ನೈಸ್ ಅಂಕಿಯಿಂದಲೇ ಡಿಸ್ಕ್‌ನ ಮಟ್ಟವೂ ಲೆಕ್ಕವಾಗುತ್ತದೆ: 0ಗೆ ಮಟ್ಟ 4, 19ಕ್ಕೆ ಮಟ್ಟ 7.

ಆದರೆ ಇದು ಫಲಿಸುವುದು ಡಿಸ್ಕ್‌ನ ಷೆಡ್ಯೂಲರ್ ಅದನ್ನು ಮಾನ್ಯ ಮಾಡಿದರೆ ಮಾತ್ರ. ‘/ಸಿಸ್/ಬ್ಲಾಕ್’ ಕೋಶದಲ್ಲಿ ನಿಮ್ಮ ಡಿಸ್ಕ್‌ನ ಹೆಸರಿನೊಳಗಿನ ‘ಕ್ಯೂ/ಷೆಡ್ಯೂಲರ್’ ಕಡತ ನೋಡಿ. ಬಿಎಫ್‌ಕ್ಯೂ ಇದ್ದರೆ ಪೂರ್ಣ ಫಲ. ಎನ್‌ವಿಎಂಇ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ‘ನನ್’ ಇದ್ದರೆ ಐಒನೈಸ್ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಹಳೆಯ ಪಾಠಗಳು ಹೇಳುವ ಸಿಎಫ್‌ಕ್ಯೂ ಷೆಡ್ಯೂಲರ್ 2019ರ 5.0 ಕರ್ನಲ್‌ನಲ್ಲಿಯೇ ಹೊರಟುಹೋಗಿದೆ.

ಸರ್ವರ್‌ನ ಸೇವೆಗಳಿಗೆ ಸಿಗ್ರೂಪ್

ದಿನವಿಡೀ ಓಡುವ ಸೇವೆಗೆ ಕೈಯಿಂದ ರೀನೈಸ್ ಕೊಡುವುದು ವ್ಯರ್ಥ. ಸೇವೆ ಮರುಪ್ರಾರಂಭವಾದೊಡನೆ ಅದು ಮಾಯ. ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿ ಇರುವಲ್ಲಿ ‘ಸಿಸ್ಟಂಸಿಟಿಎಲ್ ಸೆಟ್-ಪ್ರಾಪರ್ಟಿ ಬ್ಯಾಕಪ್.ಸರ್ವಿಸ್ ಸಿಪಿಯುವೇಟ್=20’ ಎಂದರೆ ತಕ್ಷಣವೂ ಜಾರಿಯಾಗುತ್ತದೆ, ಮುಂದೆಯೂ ಉಳಿಯುತ್ತದೆ. ತೂಕ 1ರಿಂದ 10000ದವರೆಗೆ ಇರಬಹುದು, ಕೊಡದಿದ್ದರೆ 100. ಸೇವೆ ಎಷ್ಟು ಪ್ರಕ್ರಿಯೆ ಹುಟ್ಟಿಸಿದರೂ, ಎಷ್ಟು ಥ್ರೆಡ್ ಹೂಡಿದರೂ, ತೂಕ ಇಡೀ ಸೇವೆಗೆ ಒಂದೇ. ನೈಸ್‌ನಲ್ಲಿ ಇದು ಸಾಧ್ಯವಿಲ್ಲ: ನೈಸ್ 10ರ ನಲವತ್ತು ಥ್ರೆಡ್‌ಗಳು ಸೇರಿದರೆ ಅವುಗಳ ಒಟ್ಟು ತೂಕ ನೈಸ್ 0ಯ ನಾಲ್ಕು ಥ್ರೆಡ್‌ಗಳನ್ನೂ ಮೀರುತ್ತದೆ. ಆದ್ದರಿಂದ ಹತ್ತು ಜನ ಹಂಚಿಕೊಳ್ಳುವ ಯಂತ್ರದಲ್ಲಿ ನಾನು ಯೋಚನೆ ಮಾಡದೆ ಸಿಗ್ರೂಪ್ ಕಡೆಗೇ ಹೋಗುತ್ತೇನೆ.

ಸಿಪಿಯುಕೋಟಾ ಬೇರೆಯದೇ ವಸ್ತು. ಕೋಟಾ ಶೇ 150 ಎಂದರೆ ಒಂದೂವರೆ ಕೋರ್‌ನಷ್ಟೇ. ಯಂತ್ರ ಖಾಲಿ ಇದ್ದರೂ ಅದಕ್ಕಿಂತ ಹೆಚ್ಚು ಸಿಗದು. ಲ್ಯಾಪ್‌ಟಾಪ್ ಬಿಸಿಯಾಗಬಾರದು, ಬಾಡಿಗೆ ಯಂತ್ರದಲ್ಲಿ ಒಬ್ಬ ಗ್ರಾಹಕನಿಗೆ ಇಷ್ಟೇ ಎಂದು ಕಟ್ಟಬೇಕು ಎಂಬಲ್ಲಿ ಅದು ಸರಿ. ಬಿಡುವಿನ ಸಿಪಿಯು ಪೋಲಾಗಬಾರದು ಎನ್ನುವಲ್ಲಿ ತೂಕವೇ ಸರಿ. ಪ್ರೋಗ್ರಾಮುಗಳನ್ನು ಕಂಟೇನರ್‌ಗಳಲ್ಲಿ ಬೇರ್ಪಡಿಸಿ ಓಡಿಸುವ ಡಾಕರ್‌ನಲ್ಲಿ ‘ಸಿಪಿಯು-ಷೇರ್ಸ್’ ತೂಕದ ಜಾತಿಯದು, ‘ಸಿಪಿಯುಸ್’ ಕೋಟಾ ಜಾತಿಯದು. ಕಂಟೇನರ್ ಒಳಗಿನಿಂದ ಕೊಡುವ ನೈಸ್ ಆ ಕಂಟೇನರ್‌ನ ಒಳಜಗಳವನ್ನಷ್ಟೇ ಬಗೆಹರಿಸುತ್ತದೆ.

ವಿಂಡೋಸ್ ಬಳಸುವವರಿಗೆ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್‌ನ ವಿವರಗಳ ಪುಟದಲ್ಲಿ ಪ್ರಕ್ರಿಯೆಯ ಮೇಲೆ ಬಲ ಕ್ಲಿಕ್ ಮಾಡಿದರೆ ಆರು ವರ್ಗಗಳು ಕಾಣುತ್ತವೆ. ಒಳಗಿರುವುದು 0ರಿಂದ 31ರವರೆಗಿನ ಮಟ್ಟಗಳು. ‘ನಾರ್ಮಲ್’ನ ಮೂಲ ಮಟ್ಟ 8, ‘ಬಿಲೋ ನಾರ್ಮಲ್’ನದು 6, ‘ರಿಯಲ್‌ಟೈಮ್’ನದು 24. ಇಲ್ಲಿ ಅಂಕಿ ದೊಡ್ಡದಾದಷ್ಟೂ ಆದ್ಯತೆ ಹೆಚ್ಚು. ಮುಖ್ಯ ವ್ಯತ್ಯಾಸವೆಂದರೆ ಇದು ಪಾಲಿನ ಪದ್ಧತಿಯಲ್ಲ: ಮೇಲಿನ ಮಟ್ಟದ ಥ್ರೆಡ್ ಓಡಲು ಸಿದ್ಧವಿರುವಷ್ಟು ಹೊತ್ತು ಕೆಳಗಿನದು ಕಾಯುತ್ತದೆ. ಬಹಳ ಹೊತ್ತು ಹಸಿದ ಥ್ರೆಡ್‌ಗಳನ್ನು ವಿಂಡೋಸ್ ಆಗಾಗ ಕೊಂಚ ಹೊತ್ತು ಮೇಲಕ್ಕೆತ್ತಿ ಓಡಿಸುತ್ತದೆ, ಅಷ್ಟೇ. ಹಾಗಾಗಿ ಟೆಸರಾಕ್ಟ್‌ನಂಥ ಕೆಲಸಕ್ಕೆ ‘ಬಿಲೋ ನಾರ್ಮಲ್’ ಒಂದೇ ಮೆಟ್ಟಿಲು ಸಾಕು, ‘ಲೋ’ವರೆಗೆ ಹೋಗಬೇಕಿಲ್ಲ. ಕಮಾಂಡ್ ಪ್ರಾಂಪ್ಟ್‌ನಿಂದ ಶುರುಮಾಡುವುದಾದರೆ ‘ಸ್ಟಾರ್ಟ್ /ಬಿಲೋನಾರ್ಮಲ್’ ಎಂದು ಮುಂದೆ ಸೇರಿಸಿ. ಅಲ್ಲಿಯೂ ‘ಬಿಲೋ ನಾರ್ಮಲ್’ ಮತ್ತು ‘ಲೋ’ ತಾಯಿಯಿಂದ ಮಕ್ಕಳಿಗೆ ಇಳಿಯುತ್ತವೆ. ‘ಹೈ’ನಂಥ ಮೇಲಿನ ವರ್ಗಗಳು ಇಳಿಯುವುದಿಲ್ಲ.